ಸೇತುವೆಯ ಮೇಲೆ ನಿಂತುಬಿಡುತ್ತಿದ್ದ ಕುದುರೆ

ಮುದ್ದೇಬಿಹಾಳದ ಮಾರ್ಕೆಟ್ ಯಾರ್ಡಿನ ಮುಂದೆ, ಯಾರದೋ ಟ್ರ್ಯಾಕ್ಟರಿನಿಂದ ಚೆಲ್ಲಿದ್ದ ತೊಗರಿಯ ಮೇಲೆ ನನ್ನ ಸ್ಕೂಟಿ ಜಾರಿತು. ಕಾಲೇಜಿಗೆ ಪಾಠ ಮಾಡಲು ಹೊರಟವಳು ಆಟೋದಲ್ಲಿ ಆಸ್ಪತ್ರೆ ಸೇರಿದೆ. ಎಡಗಾಲಿನ ಎಲುಬು ಮುರಿದಿತ್ತು. ಪಾದದಿಂದ ತೊಡೆಯವರೆಗೆ ಪ್ಲಾಸ್ಟರ್ ಹಾಕಿ, ಆ ಕಾಲನ್ನು ನೆಲಕ್ಕೆ ಊರಲೇಬಾರದೆಂದು ಹೇಳಿ ಮನೆಗೆ ಕಳಿಸಿದರು.

ಗಂಡನಿಗೆ ಕೆಲಸ ದೂರದ ಇಂಡಿ ಪಟ್ಟಣದಲ್ಲಿ. ಶನಿವಾರ ಸಂಜೆ ಬಂದರೆ ಸೋಮವಾರ ಬೆಳಿಗ್ಗೆ ಹೊರಡುತ್ತಿದ್ದರು. ಹಾಗಾಗಿ ನನ್ನನ್ನು ನೋಡಿಕೊಳ್ಳಲು ದೇವಣಗಾಂವದಿಂದ ತಮ್ಮ ತಾಯಿಯನ್ನು ಕರೆತಂದರು. ಅತ್ತೆ ತಮ್ಮ ಎಮ್ಮೆಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಒಂದು ಕೈಚೀಲ ಹಿಡಿದು ಬಂದರು.

ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಬಚ್ಚಲಿಗೆ ಹೋಗಲು ಎರಡು ಮೆಟ್ಟಿಲು ಇಳಿಯಬೇಕು. ಓಡಾಡಿಕೊಂಡಿದ್ದಾಗ ಅಲ್ಲಿ ಮೆಟ್ಟಿಲಿವೆ ಎಂಬುದೇ ನನ್ನ ಗಮನಕ್ಕೆ ಬಂದಿರಲಿಲ್ಲ. ಈಗ ಪ್ರತಿ ಸಲವೂ ಅತ್ತೆಯನ್ನು ಕರೆಯಬೇಕು, ಅವರ ಹೆಗಲಿಗೆ ಕೈ ಹಾಕಿ ಒಂಟಿ ಕಾಲಲ್ಲಿ ಕುಂಟಬೇಕು, ಅವರು ಬಾಗಿಲ ಹೊರಗೆ ಮುಖ ತಿರುಗಿಸಿ ನಿಂತಿರುವಾಗ ಒಳಗೆ ಕೂರಬೇಕು. ಮದುವೆಯಾದಾಗಿನಿಂದ ನಾವಿಬ್ಬರೂ ಹಬ್ಬಕ್ಕೋ ಮದುವೆಗೋ ಭೇಟಿಯಾಗಿ ನಾಲ್ಕು ಮಾತಾಡಿದವರು, ಅಷ್ಟೇ. ಈಗ ಅವರು ನನಗೆ ಸ್ನಾನ ಮಾಡಿಸುತ್ತಿದ್ದರು. ನೀರು ಕುಡಿಯಲೂ ನನಗೆ ಹೆದರಿಕೆ. ಕುಡಿದರೆ ಮತ್ತೆ ಕರೆಯಬೇಕಲ್ಲ!

ಕಾಲೇಜಿನ ದಿನಗಳಿಂದಲೂ ನನಗೆ ಕಂಪ್ಯೂಟರಿನಲ್ಲಿ ಗೇಮ್ ಆಡುವ ಹುಚ್ಚು. ಆಗ ಆಡುತ್ತಿದ್ದ ಗೇಮಿನಲ್ಲಿ ಕುದುರೆ ಹತ್ತಿ ಗುಡ್ಡ, ಕಾಡು, ಬಯಲು ಅಲೆಯಬಹುದಿತ್ತು. ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ನಾನು ದಿನವೂ ಅಲ್ಲಿಗೆ ಹೋಗುತ್ತಿದ್ದೆ. ಹಳೆಯ ಹಾರ್ಡ್ ಡಿಸ್ಕ್ ನಿಧಾನವಾಗಿತ್ತು, ಗೇಮ್ ತೆರೆದುಕೊಳ್ಳುವಷ್ಟರಲ್ಲಿ ಚಹಾ ಆರಿಹೋಗುತ್ತಿತ್ತು. ನನ್ನ ಪರದಾಟ ನೋಡಿ ಗಂಡ ಒಂದು ಭಾನುವಾರ ಎಸ್‌ಎಸ್‌ಡಿ ಎಂಬ ವೇಗದ ಹೊಸ ಡಿಸ್ಕ್ ತಂದು ಕೂರಿಸಿದರು. ವಿಂಡೋಸನ್ನೂ ಗೇಮನ್ನೂ ಅದಕ್ಕೆ ಹಾಕಿ, ಫೋಟೋ ಮತ್ತು ಕಾಗದಪತ್ರಗಳಿದ್ದ ಹಳೆಯ ಡಿಸ್ಕನ್ನು ಒಳಗೇ ಬಿಟ್ಟು ಇಂಡಿಗೆ ಹೋದರು.

ಸೋಮವಾರ ಗೇಮ್ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಶುರುವಾಯಿತು. ಖುಷಿಯಿಂದ ಕುದುರೆ ಓಡಿಸಿಕೊಂಡು ಹೊಳೆಯ ದಂಡೆಗೆ ಬಂದೆ. ಸೇತುವೆಯ ನಡುವೆ ಪರದೆ ಹಾಗೇ ನಿಂತಿತು. ಕುದುರೆಯ ಒಂದು ಕಾಲು ಗಾಳಿಯಲ್ಲೇ ಇತ್ತು, ಗೊರಸಿನ ಸದ್ದು ಮಾತ್ರ ಒಂದೇ ಸಮನೆ ಟಕಟಕ ಎನ್ನುತ್ತಿತ್ತು. ಮೌಸ್ ಅಲುಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಗೇಮ್ ತಾನಾಗಿ ಮುಚ್ಚಿಕೊಂಡಿತು. ಮತ್ತೆ ತೆರೆದೆ. ಮತ್ತೆ ಅದೇ ಸೇತುವೆ, ಅದೇ ಗತಿ.

ಮಾಡಲು ಬೇರೆ ಕೆಲಸವಿಲ್ಲದ ನಾನು ಅದರ ಬೆನ್ನು ಹತ್ತಿದೆ. ಗ್ರಾಫಿಕ್ಸ್ ಡ್ರೈವರ್ ತೆಗೆದು ಹೊಸದು ಹಾಕಿದೆ. ಚಿತ್ರದ ಗುಣಮಟ್ಟ ಇಳಿಸಿದೆ. ಕಂಪ್ಯೂಟರ್ ಕಾದಿದೆಯೇನೋ ಎಂದು ಶಾಖ ನೋಡಿದೆ, ಕಾದಿರಲಿಲ್ಲ. ರ‍್ಯಾಮ್ ಪರೀಕ್ಷಿಸಿದೆ, ಅದೂ ಸರಿಯಿತ್ತು. ಹೊಸ ಎಸ್‌ಎಸ್‌ಡಿಯ ಮೇಲೇ ನನಗೆ ಅನುಮಾನ. ಪರೀಕ್ಷೆ ಮಾಡಿದರೆ ಅದರಲ್ಲೂ ದೋಷವಿಲ್ಲ. ಕೊನೆಗೆ ಗೇಮನ್ನೇ ಅಳಿಸಿ ಮತ್ತೆ ಹಾಕಿಕೊಂಡೆ. ಕುದುರೆ ಮತ್ತೆ ಸೇತುವೆಯ ನಡುವೆ ಹೋಗಿ ನಿಂತಿತು. ಅಳುವೇ ಬಂತು. ಮನೆಯಲ್ಲೂ ಹೊಸ್ತಿಲು ದಾಟುವಂತಿಲ್ಲ, ಇಲ್ಲೂ ಹೊಳೆ ದಾಟುವಂತಿಲ್ಲ.

ಅತ್ತೆ ಮಧ್ಯಾಹ್ನ ಹೊಸ್ತಿಲ ಬಳಿ ಕೂತು ಬೆಳ್ಳುಳ್ಳಿ ಸುಲಿಯುತ್ತಲೋ ಅಕ್ಕಿ ಆರಿಸುತ್ತಲೋ ಇರುತ್ತಿದ್ದರು. ನಾನು ಗೇಮ್ ಆಡುವುದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಅದು ಅಸಮಾಧಾನವೆಂದೇ ನಾನು ತಿಳಿದಿದ್ದೆ. ಆ ದಿನ ಟಕಟಕ ಸದ್ದು ಕೇಳಿ ಎದ್ದು ಬಂದು ನನ್ನ ಬೆನ್ನ ಹಿಂದೆ ನಿಂತರು.

"ಮತ್ತ ನಿಂತಿತೇನವ್ವಾ?"

"ಹೌದ್ರಿ ಅತ್ತಿ."

"ನಮ್ಮ ಭೀಮಾ ಹೊಳಿ ಇದ್ದಂಗ ಐತಿ. ಆ ದಂಡಿಗೆ ಏನೈತಿ?"

"ಗೊತ್ತಿಲ್ರಿ. ದಾಟಾಕ ಬಿಡವಲ್ದು."

ಅವರು ಕುರ್ಚಿ ಎಳೆದುಕೊಂಡು ಕೂತರು. ಅವತ್ತಿನಿಂದ ಅದು ಅವರ ಚಿಂತೆಯೂ ಆಯಿತು. ರೊಟ್ಟಿ ಬಡಿಯುವಾಗ ಅಡುಗೆಮನೆಯಿಂದಲೇ, "ಏನಂತೈತಿ ಕುದುರಿ?" ಎಂದು ಕೇಳುತ್ತಿದ್ದರು.

ಕೊನೆಗೆ ವಿಂಡೋಸ್ ತನ್ನ ತೊಂದರೆಗಳನ್ನೆಲ್ಲ ಬರೆದಿಟ್ಟುಕೊಳ್ಳುವ ಜಾಗ ತೆರೆದು ನೋಡಿದೆ. ಕುದುರೆ ನಿಂತಾಗಲೆಲ್ಲ ಅಲ್ಲಿ ಒಂದೇ ದೂರು: ಡಿಸ್ಕ್ ಉತ್ತರ ಕೊಡುತ್ತಿಲ್ಲ. ಅದು ಹೊಸದಲ್ಲ, ಹಳೆಯದು. ಆಗ ಹೊಳೆಯಿತು. ಗೇಮ್ ಹೊಸ ಡಿಸ್ಕಿನಲ್ಲಿತ್ತು ನಿಜ. ನಾನು ಎಲ್ಲಿಯವರೆಗೆ ಆಡಿದ್ದೇನೆಂದು ಅದು ಬರೆದಿಡುತ್ತಿದ್ದ ಫೋಲ್ಡರ್ ಮಾತ್ರ ಹಳೆಯದರಲ್ಲೇ ಉಳಿದಿತ್ತು. ಸೇತುವೆಗೆ ಬಂದ ಕೂಡಲೇ ಗೇಮ್ ತಾನಾಗಿ ಸೇವ್ ಮಾಡಲು ಹೋಗುತ್ತದೆ, ಹಳೆಯ ಡಿಸ್ಕ್ ಓಗೊಡುವುದಿಲ್ಲ, ಗೇಮ್ ಕಾಯುತ್ತಾ ನಿಲ್ಲುತ್ತದೆ. ಎಸ್‌ಎಸ್‌ಡಿ ಕೂರಿಸುವಾಗ ಕೈ ತಾಗಿ ಹಳೆಯ ಡಿಸ್ಕಿನ ಕೇಬಲ್ ಸಡಿಲಾಗಿರಬೇಕು.

ಕಂಪ್ಯೂಟರಿನ ಪೆಟ್ಟಿಗೆ ಮೇಜಿನ ಕೆಳಗೆ ನೆಲದ ಮೇಲಿತ್ತು. ನನಗೆ ಬಗ್ಗಲು ಆಗದು, ಸೊಂಟ ನೋವಿನ ಅತ್ತೆಗೆ ಅದನ್ನು ಎತ್ತಲು ಆಗದು. ವೈರುಗಳನ್ನೆಲ್ಲ ಕೀಳಿಸಿದ ಮೇಲೆ ಅವರು ಅದನ್ನು ನನ್ನ ಮಂಚದ ಹತ್ತಿರ ಎಳೆದು ತಂದು ಮುಂದೆ ಕೂತರು.

"ಕರೆಂಟ್ ಹೊಡಿಯೂದಿಲ್ಲಲ್ಲ?"

"ವೈರ್ ತಗದೇವಲ್ರಿ, ಏನೂ ಆಗೂದಿಲ್ಲ."

ಆದರೂ ರೊಟ್ಟಿಯ ಹಂಚು ಕಾದಿದೆಯೇ ಎಂದು ನೋಡುವವರಂತೆ ಬೆರಳ ಹಿಂಬದಿಯಿಂದ ಒಮ್ಮೆ ಮುಟ್ಟಿ ನೋಡಿದರು. ನಾನು ಮೇಲಿನಿಂದ ಟಾರ್ಚ್ ಹಿಡಿದೆ. ಸ್ಕ್ರೂ ಬಿಚ್ಚಿ ಪಕ್ಕದ ತಗಡು ಸರಿಸಿದರು.

"ಕೆಂಪು ವೈರ್ ಐತಿ ನೋಡ್ರಿ, ಅದರ ತುದಿ."

"ಸೊಟ್ಟ ನಿಂತೈತಿ."

"ನೆಟ್ಟಗ ಒತ್ರಿ."

ಒತ್ತಿದರು. ಎಲ್ಲ ಜೋಡಿಸಿ ಆಡಿದೆವು. ಕುದುರೆ ಮತ್ತೆ ನಿಂತಿತು! ನಾನು ಕೀಬೋರ್ಡನ್ನು ದೂರ ತಳ್ಳಿ ಗೋಡೆಯ ಕಡೆ ತಿರುಗಿದೆ. ಅತ್ತೆ ಪೆಟ್ಟಿಗೆಯ ಕಡೆ ಬೊಟ್ಟು ಮಾಡಿ, "ಆ ವೈರ್ ಬ್ಯಾರೇದ ಸಿಗೂದಿಲ್ಲೇನು?" ಎಂದರು. ಮದರ್‌ಬೋರ್ಡ್ ಬಂದ ರಟ್ಟಿನ ಡಬ್ಬಿಯಲ್ಲಿ ಒಂದು ಇರಬೇಕೆಂದು ನೆನಪಾಯಿತು. ಅತ್ತೆ ಕಪಾಟಿನ ಮೇಲಿದ್ದ ಡಬ್ಬಿ ಇಳಿಸಿ, ಕೇಬಲ್ ಹುಡುಕಿ, ಹಳೆಯದನ್ನು ಕಿತ್ತು ಅದನ್ನು ಹಾಕಿದರು. ಈ ಸಲ ಕೇಬಲ್ ಕೂತಾಗ ಟಕ್ಕೆಂದ ಸದ್ದು ನನಗೂ ಕೇಳಿಸಿತು.

ಸೇತುವೆ ಹತ್ತಿರವಾದಾಗ ಅತ್ತೆ ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. ಕುದುರೆ ನಡುವಿಗೆ ಬಂತು, ನಡು ದಾಟಿತು, ಆ ದಂಡೆಯ ಹುಲ್ಲಿಗೆ ಇಳಿಯಿತು. "ದಾಟಿತಲ್ಲವ್ವಾ!" ಎಂದು ಅವರು ನನ್ನ ಹೆಗಲು ಅದುಮಿದರು. ಅಲ್ಲಿ ಒಂದೆರಡು ಗುಡಿಸಲು, ಬೇಲಿಯೊಳಗೆ ದನಗಳು. ನಾನು ಕುದುರೆ ನಿಲ್ಲಿಸಿದೆ.

ಅತ್ತೆ ಆ ದನಗಳನ್ನೇ ನೋಡುತ್ತಾ ಕೇಳಿದರು: "ನಾ ಒಂದೆರಡ ದಿನ ಊರಿಗೆ ಹೋಗಿ ಬರ್ಲೇನು? ಎಮ್ಮಿ ನೋಡಿ ಬರ್ತೇನಿ."

ಬಂದಂದಿನಿಂದ ಅವರು ಊರಿಗೆ ಹೋಗುವ ಮಾತೆತ್ತಿರಲಿಲ್ಲ. ಬೆಳಿಗ್ಗೆ ಒಮ್ಮೆ ಫೋನ್ ಮಾಡಿ ಎಮ್ಮೆ ಮೇವು ತಿಂದಿತೇ ಎಂದು ಕೇಳುವುದನ್ನು ಕೇಳಿಸಿಕೊಂಡಿದ್ದೆ, ಅದರಾಚೆ ನಾನು ಯೋಚಿಸಿರಲಿಲ್ಲ. ಗುರುತಿನವರಿಲ್ಲದ ಊರು, ಎರಡು ಕೋಣೆ, ಕರೆದಾಗಲೆಲ್ಲ ಏಳಬೇಕಾದ ಸೊಸೆ. ಮೂಳೆ ಮುರಿಯದೆಯೂ ಅವರು ನನ್ನ ಜೊತೆ ಸಿಕ್ಕಿಬಿದ್ದಿದ್ದರು. ಇಷ್ಟು ತಿಳಿದ ಮೇಲೂ ನನಗೆ ಮೊದಲು ಹೊಳೆದದ್ದು ಬಚ್ಚಲಿನ ಆ ಎರಡು ಮೆಟ್ಟಿಲು. "ಹೋಗಿ ಬರ್ರಿ" ಎನ್ನಲು ಹೊತ್ತು ಹಿಡಿಯಿತು.

ಗಂಡ ರಜೆ ಹಾಕಿ ಬಂದರು. ಮಗನಿಗೆ ನೂರು ಮಾತು ಹೇಳಿ ಅತ್ತೆ ಬಸ್ ಹತ್ತಿದರು. ಆ ದಿನಗಳಲ್ಲಿ ಗೇಮ್ ಒಮ್ಮೆಯೂ ನಿಲ್ಲಲಿಲ್ಲ. ಗುಡ್ಡದ ಮೇಲೆ ಗುಡ್ಡ ಹತ್ತಿದೆ, ಎಷ್ಟು ದೂರ ಬೇಕಾದರೂ ಹೋಗಬಹುದಿತ್ತು. ಸ್ವಲ್ಪ ಹೊತ್ತಿಗೇ ಸಾಕೆನಿಸಿ ಮುಚ್ಚಿದೆ. ಗೋಡೆಗಳು ಇದ್ದಲ್ಲೇ ಇದ್ದವು, ಪ್ಲಾಸ್ಟರಿನೊಳಗೆ ಕಾಲು ಕೆರೆಯುತ್ತಿತ್ತು, ಗಂಡ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ಹುಡುಕುತ್ತಿದ್ದರು. ಅವರನ್ನು ಬಚ್ಚಲಿಗೆ ಕರೆಯಬೇಕಾದೀತೆಂದು ನಾನು ಆದಷ್ಟು ನೀರು ಕುಡಿಯದೇ ಇರುತ್ತಿದ್ದೆ. ಓಣಿಯಲ್ಲಿ ಆಟೋ ಬಂದರೆ ಕಿವಿ ಅತ್ತ ಹೋಗುತ್ತಿತ್ತು.

ಅತ್ತೆ ಹೇಳಿದ್ದಕ್ಕಿಂತ ಒಂದು ದಿನ ತಡವಾಗಿ ಬಂದರು. ಕಾಲು ತೊಳೆದು ಒಳಗೆ ಬಂದವರು ನನ್ನ ಮುಖ ನೋಡಿ ಕೇಳಿದರು: "ನೀರು ಕುಡದಿಯೇನು?"

"ಇಲ್ರಿ."

ತಂಬಿಗೆ ತುಂಬಿ ತಂದು ಕೈಗಿಟ್ಟರು. ನಾನು ಅಷ್ಟನ್ನೂ ಕುಡಿದೆ.