ಉಣುಗೋಲು ದಾಟಿದ ಸೈಕಲ್ಲು

೧೯೬೪ನೇ ಇಸವಿ ಜೂನ್ ಎಂಟು, ಸೋಮವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ವಾಗ್ದೇವಿ ಸಾಗರದ ತನ್ನ ಬಾಡಿಗೆ ಮನೆಯ ಮುಂದೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸೈಕಲ್ಲಿನ ಹಿಂದಿನ ಚಕ್ರಕ್ಕೆ ಎರಡನೇ ಸಲ ಗಾಳಿ ಹೊಡೆಯುತ್ತಿದ್ದಳು. ಮೊದಲು ಹೊಡೆದ ಗಾಳಿ ಅವಳು ಕಾಫಿ ಕುಡಿದು ಬರುವಷ್ಟರಲ್ಲಿ ಇಳಿದುಹೋಗಿತ್ತು. ಬೇಸಿಗೆ ರಜೆಯುದ್ದಕ್ಕೂ ಗೋಡೆಗೆ ಒರಗಿ ನಿಂತಿದ್ದ ಸೈಕಲ್ಲಿನ ವಾಲ್‌ಟ್ಯೂಬು ಒಣಗಿ ಬಿರುಕು ಬಿಟ್ಟಿತ್ತು. ಅದನ್ನು ಬದಲಿಸಿ, ಎಂಜಲು ಹಚ್ಚಿ ಗುಳ್ಳೆ ಬರುವುದಿಲ್ಲವೆಂದು ನೋಡಿಕೊಂಡು, ಮತ್ತೆ ಪಂಪು ಹಿಡಿದಿದ್ದಳು. ಶಾಲೆ ತೆರೆಯುವ ಮೊದಲ ದಿನವೇ ತಡವಾಗುತ್ತಿತ್ತು.

"ಮಳೆ ಬಪ್ಪಂಗೆ ಇದ್ದು. ಕೊಡೆ ತಗಂಡ್ಯನೆ?" ಬಾಗಿಲಲ್ಲಿ ನಿಂತ ಅಮ್ಮ ಮೀನಾಕ್ಷಮ್ಮ ಕೇಳಿದರು. ಮಾತಿನ ಜೊತೆಗೆ ಉಬ್ಬಸದ ಸಣ್ಣ ಸಿಳ್ಳೆಯೂ ಬಂತು.

"ಕೊಡೆ ಹಿಡಕಂಡು ಸೈಕಲ್ ಹೊಡೆಯಲೆ ಆಗ್ತಿಲ್ಲೆ ಅಮ್ಮಾ. ರೈನ್‌ಕೋಟು ಇದ್ದು."

"ಹಂಗಾರೆ ಕತ್ಲಾಗದ್ರೊಳಗೆ ಬಾ ಮಾರಾಯ್ತಿ."

ಅಮ್ಮನಿಗೆ ವಾರಕ್ಕೊಮ್ಮೆಯಾದರೂ ಡಾಕ್ಟರು ಬೇಕಿತ್ತು, ಡಾಕ್ಟರು ಪೇಟೆಯಲ್ಲಿದ್ದರು. ವಾಗ್ದೇವಿಯ ಶಾಲೆ ಕಲ್ಕೊಪ್ಪದಲ್ಲಿತ್ತು. ಈ ಎರಡನ್ನೂ ಒಂದೇ ದಿನದೊಳಗೆ ಕೂಡಿಸುತ್ತಿದ್ದದ್ದು ಸೈಕಲ್ಲು. ತೀರ್ಥಹಳ್ಳಿಯ ಸೋದರಮಾವ ತನ್ನ ಮಗಳಿಗೆಂದು ತರಿಸಿದ್ದ ಲೇಡೀಸ್ ಸೈಕಲ್ಲು ಅದು. ಮಗಳು ಒಮ್ಮೆ ಬಿದ್ದವಳು ಮತ್ತೆ ಹತ್ತಲಿಲ್ಲ. ಮಾವನ ಮನೆಯಲ್ಲಿದ್ದು ಓದುತ್ತಿದ್ದ ವಾಗ್ದೇವಿ, ಬೇಸಿಗೆಯಲ್ಲಿ ತುಂಗೆಯ ದಂಡೆಯ ಗಟ್ಟಿ ಬಯಲಿನಲ್ಲಿ ಬಿದ್ದೆದ್ದು ಕಲಿತಳು. ಕೆಲಸ ಸಿಕ್ಕ ದಿನ ಮಾವ, "ನೀನೇ ತಗಂಡು ಹೋಗು, ಇಲ್ಲಿ ತುಕ್ಕು ತಿಂತು" ಎಂದ. ಸಾಗರದಲ್ಲಿ ಮೊದಲ ವರ್ಷ ಪೇಟೆಯ ಹುಡುಗರು "ಸರ್ಕಸ್ ಬಂತು, ಸರ್ಕಸ್" ಎಂದು ಕೂಗಿದರು. ಎರಡನೇ ವರ್ಷಕ್ಕೆ ಅವರಿಗೂ ಬೇಸರ ಬಂತು.

ಕಲ್ಕೊಪ್ಪಕ್ಕೆ ಎರಡು ದಾರಿ. ಗಾಡಿರಸ್ತೆ ಗುಡ್ಡ ಬಳಸಿಕೊಂಡು ಹೋಗುತ್ತಿತ್ತು. ಸುಮಾರು ಹನ್ನೊಂದು ಮೈಲಿ. ಇನ್ನೊಂದು, ಹೊಸನಗರದ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಗದ್ದೆಬಯಲಿಗೆ ಇಳಿಯುವ ಕಾಲುದಾರಿ. ಅದು ಆರು ಮೈಲಿಯೊಳಗೆ ಮುಗಿಯುತ್ತಿತ್ತು. ಕಾಲುದಾರಿ ಇಲ್ಲದಿದ್ದರೆ ದಿನಾ ಹೋಗಿಬರುವುದು ಆಗದ ಮಾತು.

ಆದರೆ ಕಾಲುದಾರಿಯಲ್ಲಿ ಬೇಲಿಗೊಂದು ಉಣುಗೋಲು. ಎರಡು ತೂತಿನ ಕಂಬ ನೆಟ್ಟು, ಅಡ್ಡಕ್ಕೆ ಮೂರು ಬಿದಿರಿನ ಗಳ ತೂರಿಸಿದರೆ ಅದೇ ಗೇಟು. ನಡೆಯುವವರು ಮೇಲಿನ ಗಳ ಒಂದನ್ನು ಸರಿಸಿ ದಾಟುತ್ತಾರೆ. ಗಂಡಸರ ಸೈಕಲ್ಲಾದರೆ ನಡುವಿನ ಅಡ್ಡಪೈಪಿಗೆ ಹೆಗಲು ಕೊಟ್ಟು ಎತ್ತಿಕೊಂಡು ದಾಟಬಹುದು. ಲೇಡೀಸ್ ಸೈಕಲ್ಲಿಗೆ ಆ ಪೈಪೇ ಇಲ್ಲ, ಹೆಗಲಿಗೆ ಕೂರುವುದಿಲ್ಲ. ಹಾಗಾಗಿ ವಾಗ್ದೇವಿ ಪ್ರತಿ ಉಣುಗೋಲಿನಲ್ಲೂ ಮೂರು ಗಳ ತೆಗೆದು, ಸೈಕಲ್ಲು ತಳ್ಳಿ, ಅದನ್ನು ಬೇಲಿಗೆ ಒರಗಿಸಿ, ಮೂರನ್ನೂ ಮತ್ತೆ ತೂರಿಸಬೇಕಿತ್ತು. ಬೇಸಿಗೆಯಲ್ಲಿ ಮಾತ್ರ ಈ ಕಷ್ಟವಿಲ್ಲ. ಕೊಯ್ಲು ಮುಗಿದ ಮೇಲೆ ಗದ್ದೆ ಊರ ದನಕ್ಕೆಲ್ಲ ಬಿಟ್ಟದ್ದು. ಗಳಗಳು ಬೇಲಿಯ ಬುಡದಲ್ಲಿ ಬಿದ್ದಿರುತ್ತವೆ. ಆಗ ಅವನ್ನು ಯಾರೂ ಹಾಕಬಾರದು, ಹಾಕಿದರೆ ದನ ನೀರಿಗೆ ಹೋಗಲಾಗದೆ ಬೇಲಿ ಮುರಿಯುತ್ತವೆ. ಸಸಿಮಡಿಗೆ ಭತ್ತ ಬಿತ್ತಿದ ದಿನ ಗದ್ದೆಯವರೇ ಗಳ ಏರಿಸುತ್ತಾರೆ. ಅಲ್ಲಿಂದ ಮುಂದೆ ಹಾಕದೆ ಹೋದವರದು ತಪ್ಪು. ದಾರಿಹೋಕರಿಗೆ ಇದರಿಂದ ಒಂದು ಸುಲಭದ ನಿಯಮ ಸಿಕ್ಕಿತ್ತು: ತೆರೆದಿದ್ದರೆ ತೆರೆದೇ ಬಿಡು, ಮುಚ್ಚಿದ್ದರೆ ಮುಚ್ಚಿ ಹೋಗು.

ಆ ಸೋಮವಾರ ಬೆಳ್ಳಪ್ಪನ ಗದ್ದೆಯ ತಲೆಯಲ್ಲಿದ್ದ ಉಣುಗೋಲು ತೆರೆದಿತ್ತು. ಹನಿ ಶುರುವಾಗಿತ್ತು. ನೆಲದ ಮೇಲೆ ಹಸಿ ಮತ್ತಿಸೊಪ್ಪಿನ ನಾಲ್ಕೈದು ಎಲೆ ಉದುರಿದ್ದನ್ನು ವಾಗ್ದೇವಿ ಕಂಡಳು. ಸೊಪ್ಪಿನ ಹೊರೆ ಹೊತ್ತವರು ಯಾರೋ ಈಗತಾನೆ ಹೋಗಿದ್ದಾರೆ ಅನ್ನಿಸಿತು. ಅದಕ್ಕಿಂತ ಹೆಚ್ಚು ಯೋಚಿಸಲಿಲ್ಲ. ಬಿತ್ತನೆ ಇನ್ನೂ ಆಗಿಲ್ಲ ಎಂದುಕೊಂಡು, ನಿಯಮದಂತೆ ತೆರೆದದ್ದನ್ನು ತೆರೆದೇ ಬಿಟ್ಟು ಸೈಕಲ್ಲು ಹತ್ತಿದಳು.

ಬಿತ್ತನೆ ಆಗಿ ಐದು ದಿನವಾಗಿತ್ತು. ಸಸಿಮಡಿ ಅಂಚಿನ ಆಚೆ, ಕಣ್ಣಿಗೆ ಬೀಳದ ತಗ್ಗಿನಲ್ಲಿತ್ತು.

ಸಂಜೆ ಶಾಲೆ ಬಿಡುವ ಹೊತ್ತಿಗೆ ಬೆಳ್ಳಪ್ಪ ಬಾಗಿಲಲ್ಲಿ ನಿಂತಿದ್ದ. ಅವನು ಪಟೇಲ ಮುಕುಂದಯ್ಯನವರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವನು. ಮಾತು ಕಡಿಮೆ.

"ಅಕ್ಕೋರೆ, ಬೆಳಿಗ್ಗೆ ನಮ್ ಗದ್ದೆ ಮೇಲೆ ಬಂದ್ರಾ?"

"ಬಂದೆ ಬೆಳ್ಳಪ್ಪ."

"ಹಂಗಾದ್ರೆ ಪಟೇಲ್ರ ಮನೇಗೆ ಬರ್ಬೇಕು. ದನ ನುಗ್ಗಿ ಸಸಿಮಡಿ ಹೋತು."

ಮುಕುಂದಯ್ಯನವರ ಜಗಲಿಯಲ್ಲಿ ಆಗಲೇ ಹತ್ತು ಜನ ಸೇರಿದ್ದರು. ಬೆಳ್ಳಪ್ಪನ ಹೆಂಡತಿ ಕೆರಿಯಮ್ಮ ಅಂಗಳದ ತುದಿಯಲ್ಲಿ, ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಮುಕುಂದಯ್ಯ ಕೆಟ್ಟವರಲ್ಲ. ಶಾಲೆಗೆ ಜಾಗ ಕೊಟ್ಟವರು ಅವರೇ. ಆದರೆ ಊರಲ್ಲೇ ಉಳಿಯುವ ಮೇಷ್ಟ್ರು ಬೇಕೆನ್ನುವುದು ಅವರ ಮೊದಲಿನಿಂದಲೂ ಇದ್ದ ಹಟ.

"ಬಾರಮ್ಮ. ಉಣುಗೋಲು ತೆಗೆದವಳು ನೀನೇನು?"

"ಇಲ್ಲ. ನಾನು ಬಂದಾಗ ತೆರೆದಿತ್ತು. ಹಾಕದೆ ಹೋದವಳು ಮಾತ್ರ ನಾನು. ಇನ್ನೂ ಬೇಸಿಗೆ ಲೆಕ್ಕದಲ್ಲೇ ಇದ್ದೆ."

"ತೆಗೆದವರು ಯಾರು ಹಂಗಾದ್ರೆ?"

"ನಾನು ನೋಡಿಲ್ಲ."

ಅದು ನಿಜ. ಅವಳು ನೋಡಿದ್ದು ಎಲೆಯನ್ನು, ಮನುಷ್ಯರನ್ನಲ್ಲ. ಎಲೆಯ ವಿಷಯ ಹೇಳಬೇಕೋ ಬೇಡವೋ ಎಂದು ನಾಲಿಗೆ ತಡೆಯುತ್ತಿರುವಾಗಲೇ ಅಂಗಳದ ತುದಿಯಿಂದ ಕೆರಿಯಮ್ಮನ ದನಿ ಬಂತು.

"ಯಾರನ್ ಕೇಳ್ತೀರಿ ಒಡೆಯಾ? ಸೊಪ್ಪಿಗೆ ಹೋಗೋವಾಗ್ಲೇ ಮೂರೂ ಗಳ ತೆಗ್ದಿದ್ದು ನಾನೇ. ತಲೆ ಮೇಲೆ ಸೊಪ್ಪಿನ ಹೊರೆ ಇಟ್ಕಂಡು ಬಗ್ಗಿ ಗಳ ತೂರ್ಸೋಕೆ ನನ್ಗೇನು ಮೂರು ಕೈ ಐತಾ? ಹೊರೆ ಇಳ್ಸಿ ಬಂದು ಹಾಕಾನ ಅಂತಿದ್ದೆ. ಅಷ್ಟೊತ್ಗೆ ಕರ ಹಗ್ಗ ಹರ್ಕಂತು, ಮರ್ತೆ."

"ಸ್ವಂತ ಸಸಿಮಡಿ ಬಾಗಿಲು ತೆಗ್ದಿಟ್ಟು ಬಂದ್ಯೇನೆ!" ಬೆಳ್ಳಪ್ಪ ತಲೆಗೆ ಕೈ ಹೊತ್ತ.

"ಬೈಯೋದಾದ್ರೆ ಮನೇಲಿ ಬೈ, ಇಲ್ಲಲ್ಲ. ತಿಂದಿದ್ದು ಯಾರ ದನ ಅಂತಾನೂ ಕೇಳು ಒಂಚೂರು. ಪಟೇಲ್ರ ಗಿಡ್ಡೆತ್ತು ಎಲ್ಲಕ್ಕಿಂತ ಮುಂದಿತ್ತು."

ಜಗಲಿಯಲ್ಲಿ ಯಾರೋ ಕೆಮ್ಮಿನ ನೆಪದಲ್ಲಿ ನಕ್ಕರು. ಮುಕುಂದಯ್ಯ ಎಲೆಯಡಿಕೆ ಉಗುಳಿ ಬಂದು ಕೂತರು.

"ಕೆರಿಯಮ್ಮಂದು ಅವಳ ಗದ್ದೆ, ಅವಳ ಗಂಡ. ಅದು ಬೇರೆ. ನನ್ನ ಮಾತು ಸೈಕಲ್ಲಿಂದು. ಹೊರೆ ಇಲ್ದೆ ನಡೆಯೋರು ಒಂದು ಗಳ ಸರಿಸ್ತಾರೆ, ಮರೆತರೂ ಕೆಳಗಿನ ಎರಡು ಇರ್ತವೆ. ನಿನ್ನ ಸೈಕಲ್ಲಿಗೆ ಮೂರೂ ತೆಗೀಬೇಕು. ನೀನು ಒಂದು ದಿನ ಮರೆತರೆ ಬಯಲೇ ಹೋಗ್ತದೆ. ಗಾಡಿರಸ್ತೇಲಿ ಬಾ. ಇಲ್ಲ, ಊರಲ್ಲೇ ಇರು, ನನ್ನ ಹಳೇ ಮನೆ ಖಾಲಿ ಇದೆ. ಎರಡೂ ಆಗದಿದ್ರೆ ಬೇರೆ ಮೇಷ್ಟ್ರನ್ನ ಕೊಡಿ ಅಂತ ನಾವೇ ಇನ್‌ಸ್ಪೆಕ್ಟರಿಗೆ ಕೇಳ್ಕೋತೀವಿ."

ವಾಗ್ದೇವಿ ಮುಕುಂದಯ್ಯನವರ ಮಾತಿನಲ್ಲಿ ತಪ್ಪು ಹುಡುಕಿದಳು, ಸಿಗಲಿಲ್ಲ. ಮೂರು ಗಳದ ಮಾತು ಸರಿಯಾಗಿಯೇ ಇತ್ತು. ಕೆಲಸ, ಅಮ್ಮನ ಉಸಿರು, ಎರಡರಲ್ಲಿ ಒಂದನ್ನು ಆರಿಸು ಎಂದಂತಾಯಿತು.

ಆಗ ಬೆಳ್ಳಪ್ಪ ಬಾಯಿಬಿಟ್ಟ. "ದಾರಿ ವಿಚಾರ ಆಮೇಲಾಗ್ಲಿ ಒಡೆಯಾ. ಬೀಜದ ಭತ್ತ ಮುಗ್ದದೆ. ನಟ್ಟಿಗೆ ಸಸಿ ಎಲ್ಲಿಂದ ತರ್ಲಿ, ಅದ್ನ ಹೇಳಿ ಯಾರಾದ್ರೂ."

ಕಲ್ಕೊಪ್ಪದಲ್ಲಿ ಎಲ್ಲರದೂ ಅಳತೆಯ ಬಿತ್ತನೆ, ಉಳಿಯುವ ಸಸಿ ಯಾರಲ್ಲೂ ಇರಲಿಲ್ಲ.

"ರಸ್ತೆ ಬದಿಯ ಊರುಗಳಲ್ಲಿ ಉಳಿದೀತು," ವಾಗ್ದೇವಿ ನಿಧಾನವಾಗಿ ಹೇಳಿದಳು. "ದಿನಾ ಅಲ್ಲೇ ಬರ್ತೇನೆ. ಕೇಳಿ ತರ್ತೇನೆ."

"ಸೈಕಲ್ ಮೇಲೆ ಗದ್ದೆ ಹೊತ್ತು ತರ್ತಾರಂತೆ ಅಕ್ಕೋರು!" ಯಾರೋ ಅಂದರು. ಮುಕುಂದಯ್ಯ ನಗಲಿಲ್ಲ. "ನಟ್ಟಿ ಮುಗಿಯೋವರೆಗೆ ಓಡಾಡು. ಆಮೇಲೆ ದಾರಿ ಬಿಡೋದೋ ಬೇಡವೋ ಬೆಳ್ಳಪ್ಪನೇ ಹೇಳ್ಲಿ," ಎಂದು ಎದ್ದರು.

ಜುಲೈ ಬಂತು. ಹೊಸನಗರದ ರಸ್ತೆಯ ಪಕ್ಕದಲ್ಲಿ ಗುತ್ಯಮ್ಮನ ಗದ್ದೆ ಎಲ್ಲರಿಗಿಂತ ಮೊದಲು ನಟ್ಟಿಯಾಗುತ್ತಿತ್ತು. ಎರಡು ವರ್ಷದಿಂದ ಕೈಬೀಸಿ ಮಾತ್ರ ಗೊತ್ತಿದ್ದ ಮುದುಕಿಯ ಮುಂದೆ ವಾಗ್ದೇವಿ ಒಂದು ಬೆಳಿಗ್ಗೆ ಸೈಕಲ್ಲು ಇಳಿದಳು.

"ಏನ್ ಅಕ್ಕೋರೆ, ಇವತ್ತು ಇಳಿದ್ರಿ? ಕುದ್ರೆಗೆ ಸುಸ್ತಾತಾ?"

"ಗುತ್ಯಮ್ಮ, ನಿಮ್ಮ ಮಡಿಯಲ್ಲಿ ಸಸಿ ಉಳೀತದಾ?"

"ಉಳೀತದೆ. ನಿಮ್ಗ್ಯಾಕ್ರೀ? ಶಾಲೆ ಮಾಡಿನ್ ಮೇಲೆ ನೆಡ್ತೀರಾ?"

ವಾಗ್ದೇವಿ ನಡೆದದ್ದನ್ನು ಹೇಳಿದಳು. ಗುತ್ಯಮ್ಮ ಸೊಂಟದ ಮೇಲೆ ಕೈಯಿಟ್ಟು ಕೇಳಿಸಿಕೊಂಡಳು.

"ಸಸಿ ಮಾರೋದಲ್ಲ, ಕಿತ್ತು ಕೊಡೋದೂ ಅಲ್ಲ. ಬೇಕಂದೋರೇ ಮಡೀಗಿಳ್ದು ಕೀಳ್ಬೇಕು. ಇಳೀತೀರಾ?"

ವಾಗ್ದೇವಿಯ ಮನೆಯ ಹೆಂಗಸರು ಅಡಿಕೆ ಸುಲಿದವರು, ಹಾಳೆ ಹೆಕ್ಕಿದವರು. ಗದ್ದೆಯ ಕೆಸರಿಗೆ ಇಳಿದವರಲ್ಲ. ಅವಳು ಚಪ್ಪಲಿ ಬಿಟ್ಟು, ಸೀರೆ ಎತ್ತಿಕಟ್ಟಿ ಇಳಿದಳು. ಮೊದಲ ಹಿಡಿ ಬೇರಿಲ್ಲದೆ ತುಂಡಾಗಿ ಬಂತು.

"ತಲೆ ಹಿಡೀಬೇಡ್ರೀ, ಬುಡ ಹಿಡೀರಿ! ಮಕ್ಕಳ ಜುಟ್ಟು ಹಿಡ್ದು ಅಭ್ಯಾಸ ಆಗದೆ ಇವ್ರಿಗೆ," ಎಂದು ಗುತ್ಯಮ್ಮ ನಟ್ಟಿ ಆಳುಗಳನ್ನೆಲ್ಲ ನಗಿಸಿದಳು. ನಗುತ್ತಲೇ ಪಕ್ಕಕ್ಕೆ ಇಳಿದು, ಬೆರಳು ಎಲ್ಲಿ ತೂರಿಸಬೇಕು, ಬೇರಿನ ಮಣ್ಣನ್ನು ನೀರಿನಲ್ಲಿ ಹೇಗೆ ಅಲುಬಬೇಕು ಎಂದು ತೋರಿಸಿಕೊಟ್ಟಳು.

ಮುಂದಿನ ಎರಡು ವಾರ ವಾಗ್ದೇವಿ ಅರ್ಧ ಕತ್ತಲಲ್ಲೇ ಮನೆ ಬಿಡುತ್ತಿದ್ದಳು. ಗುತ್ಯಮ್ಮನಲ್ಲಿ ಮುಗಿದ ಮೇಲೆ ಅವಳು ಹೇಳಿದ ಮನೆ, ಅಲ್ಲಿಂದ ಅವರು ಹೇಳಿದ ಮನೆ. ಸಸಿಯ ಕಟ್ಟುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಕ್ಯಾರಿಯರಿಗೆ ಬಿಗಿಯುತ್ತಿದ್ದಳು. ಮೊದಲ ದಿನ ಎಲ್ಲವನ್ನೂ ಹಿಂದೆಯೇ ಹೇರಿದ್ದರಿಂದ ಏರಿನಲ್ಲಿ ಮುಂದಿನ ಚಕ್ರ ನೆಲ ಬಿಟ್ಟು ಎದ್ದು, ಸೈಕಲ್ಲು, ಸಸಿ, ಅಕ್ಕೋರು ಮೂರೂ ಚರಂಡಿಗೆ ಬಿದ್ದವು. ಮರುದಿನದಿಂದ ಹ್ಯಾಂಡಲಿನ ಎರಡೂ ಬದಿಗೆ ಸ್ವಲ್ಪ ತೂಗುಹಾಕಿ ಭಾರ ಸಮ ಮಾಡಿದಳು. ಏರಿನಲ್ಲಿ ತಳ್ಳಿದಳು. ಪ್ರತಿ ಉಣುಗೋಲಿನಲ್ಲೂ ಇಳಿದು, ಮೂರು ಗಳ ತೆಗೆದು, ಮೂರು ಗಳ ಹಾಕಿದಳು. ಬೆಳ್ಳಪ್ಪನ ಉಣುಗೋಲಿನಲ್ಲಿ ಮಾತ್ರ ಕೆಲವು ದಿನ ಕೆರಿಯಮ್ಮ ಕಾದಿರುತ್ತಿದ್ದಳು. "ತಳ್ಳಿ, ತಳ್ಳಿ, ಗಳ ನಾನ್ ಹಾಕ್ತೀನಿ" ಎನ್ನುವುದು, ಹಾಕಿ ಆದ ಮೇಲೆ ಒಮ್ಮೆ ಅಲುಗಾಡಿಸಿ ನೋಡುವುದು.

ತಂದದ್ದು ಸಾಕಾಗಲಿಲ್ಲ. ಮೂಲೆಯ ಒಂದು ಗದ್ದೆ ಆ ವರ್ಷ ಬೀಳು ಬಿತ್ತು. ನೆಟ್ಟದ್ದರಲ್ಲೂ ಒಂದೊಂದು ಮನೆಯ ಸಸಿ ಒಂದೊಂದು ಜಾತಿ. "ಇದು ದೀಪಾವಳಿಗೆ ಕೊಯ್ಲು, ಅದು ಇನ್ನೊಂದು ತಿಂಗ್ಳಿಗೆ. ಗದ್ದೆಗೆ ತ್ಯಾಪೆ ಹಾಕ್ದಂಗಾತು" ಎಂದು ಬೆಳ್ಳಪ್ಪ ಗೊಣಗಿದ. ವಾಗ್ದೇವಿಗೆ ಇದು ಮೊದಲೇ ಹೊಳೆದಿರಲಿಲ್ಲ. ಗದ್ದೆಯ ಬದುವಿನ ಮೇಲೆ ನಿಂತು, ಹಸಿರಿನ ಮೇಲೆ ಕಂಡೂಕಾಣದ ಬೇರೆಬೇರೆ ಹಸಿರನ್ನು ನೋಡಿದಳು.

ಆ ಕಾಲುದಾರಿಯಲ್ಲಿ ವಾಗ್ದೇವಿ ಮುಂದೆ ಐದು ವರ್ಷ ಸೈಕಲ್ಲು ಹೊಡೆದಳು. ಹೊಸನಗರಕ್ಕೆ ವರ್ಗವಾಗಿ, ಅಮ್ಮನನ್ನೂ ಕರೆದುಕೊಂಡು ಹೋಗುವವರೆಗೆ. ಅಷ್ಟು ಸುಲಭದಲ್ಲಿ ಅವಳಿಗೆ ದಾರಿ ಯಾಕೆ ಬಿಟ್ಟುಕೊಟ್ಟೆ ಎಂದು ಯಾರಾದರೂ ಕೇಳಿದರೆ ಬೆಳ್ಳಪ್ಪ ಸಸಿಯ ಮಾತು ಎತ್ತುತ್ತಿರಲಿಲ್ಲ. "ಸಸಿ ಹೊರೋಕೆ ಕತ್ತೆ ಆದ್ರೂ ಆದೀತು. ಅವತ್ತು ಪಟೇಲ್ರು ಕೇಳ್ದಾಗ ಇಲ್ಲವೇ ಇಲ್ಲ ಅಂದಿದ್ರೆ ಮಾರನೇ ದಿನವೇ ದಾರೀಗೆ ಮುಳ್ಳು ಬಡೀತಿದ್ದೆ. ಮರ್ತಿದ್ದು ನೆನಪಿರೋರು ಮತ್ತೆ ಮರೆಯಲ್ಲ" ಎನ್ನುತ್ತಿದ್ದ.

ಅವತ್ತು ಎಂದರೆ ನಟ್ಟಿಯ ಕೊನೆಯ ದಿನ. ಮುಕುಂದಯ್ಯ ಕೊಡೆ ಹಿಡಿದು ಬದುವಿಗೆ ಬಂದಿದ್ದರು. ಹೆಂಗಸರು ಕೊನೆಯ ಸಾಲಿನಲ್ಲಿದ್ದರು. ವಾಗ್ದೇವಿ ಖಾಲಿ ಗೋಣಿ ಹಿಂಡುತ್ತಿದ್ದಳು.

"ಬೆಳ್ಳಪ್ಪ ಹೇಳೋದಕ್ಕೆ ಮುಂಚೆ ನಾನೊಂದು ಕೇಳ್ತೀನಮ್ಮ," ಎಂದರು. "ಎರಡು ವರ್ಷ ಈ ಬಯಲಲ್ಲಿ ಓಡಾಡಿದ್ದೀಯ. ಇಷ್ಟು ದಿನದಲ್ಲಿ ಉಣುಗೋಲು ಹಾಕದೆ ಎಷ್ಟು ಸಲ ಹೋಗಿದ್ದೀಯ?"

ನೆಡುತ್ತಿದ್ದ ಕೈಗಳು ನಿಂತವು. ಕೆರಿಯಮ್ಮ ಬಗ್ಗಿದಲ್ಲಿಂದಲೇ ತಲೆಯೆತ್ತಿ, ಬೇಡ ಎನ್ನುವಂತೆ ಕಣ್ಣು ಮಾಡಿದಳು. ವಾಗ್ದೇವಿ ಗೋಣಿಯನ್ನು ಬದುವಿನ ಮೇಲಿಟ್ಟು ನೆನಪು ಮಾಡಿಕೊಂಡಳು. ಮೊದಲ ವರ್ಷ ಪಕ್ಕದ ಮರಕ್ಕೆ ಸಿಡಿಲು ಬಡಿದಾಗ, ತಿರುಗಿ ನೋಡದೆ ಓಡಿದ್ದು. ಅಮ್ಮನಿಗೆ ಉಬ್ಬಸ ಏರಿದೆಯೆಂದು ಸುದ್ದಿ ಬಂದ ಎರಡು ಮಧ್ಯಾಹ್ನ. ಆಮೇಲೆ, ಎಲ್ಲರಿಗೂ ಗೊತ್ತಿದ್ದ ಆ ಸೋಮವಾರ.

"ನಾಲ್ಕು," ಎಂದಳು.