ಅಪ್ಪನಿಗೆ ಓದಿ ಹೇಳಿದ ಕಾದಂಬರಿ

1998ರ ಬೇಸಿಗೆ. ಸಿಂದಗಿಯಲ್ಲಿ ಬಿ.ಎ. ಎರಡನೇ ವರ್ಷ ಮುಗಿಸಿ ರಜೆಗೆ ಊರಾದ ಮೋರಟಗಿಗೆ ಬಂದಿದ್ದೆ. ಅದೇ ವಾರ ಅಪ್ಪ ಬಾವಿಯ ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡ. ಹರೆಯದಲ್ಲಿ ಜೋಳದ ಚೀಲವನ್ನು ಹಲ್ಲಲ್ಲಿ ಕಚ್ಚಿ ಎತ್ತುತ್ತಿದ್ದ ಮನುಷ್ಯ ಪ್ಲಾಸ್ಟರ್ ಹಾಕಿಸಿಕೊಂಡು ಮಂಚ ಹಿಡಿದ. ಮಾತು ಮೊದಲೇ ಕಡಿಮೆ, ಈಗ ಬರೀ ಸಿಡುಕು.

ಅಣ್ಣ ಮಲ್ಲಪ್ಪನ ಹೆಸರನ್ನು ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಅವನು ಹೊಲ ಬಿಟ್ಟು ಬಸವನ ಬಾಗೇವಾಡಿಯಲ್ಲಿ ಸಣ್ಣ ಖಾನಾವಳಿ ತೆರೆದು, ತಾನೇ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದ. "ಒಕ್ಕಲುತನದ ಮನಿ ಗಂಡಸು ಒಲಿ ಊದಾಂವ ಆದ! ಅಂವ ನನ್ನ ಮಗ ಅಲ್ಲ," ಎಂದಿದ್ದ ಅಪ್ಪ ನಾಲ್ಕು ವರ್ಷದಿಂದ ಅವನ ಮುಖ ನೋಡಿರಲಿಲ್ಲ.

ಒಂದು ಮಧ್ಯಾಹ್ನ ಕಾಲೇಜು ಲೈಬ್ರರಿಯಿಂದ ತಂದಿದ್ದ ಕಾದಂಬರಿ ಹಿಡಿದು ಕೂತಿದ್ದೆ. ಆಫ್ರಿಕಾದ ಇಗ್ಬೊ ಜನರ ಹಳ್ಳಿಯ ಕಥೆ, ಕನ್ನಡಕ್ಕೆ ಬಂದದ್ದು.

"ಏನ್ ಓದಾಕತ್ತೀ? ನನಗೂ ಕೇಳೋಹಂಗ ಓದು," ಎಂದ ಅಪ್ಪ.

ಓದಿದೆ. ಗೆಣಸಿನ ಹೊಲ, ಪಂಚರು, ಹೆಣ್ಣು ಕೇಳಲು ಬರುವ ಬೀಗರು, ಎಲ್ಲ ನಮ್ಮೂರಿನಂತೆಯೇ. "ಇವರೂ ನಮ್ಮಂಗ ಅದಾರಲಾ!" ಎಂದು ಖುಷಿಪಟ್ಟ. ಆದರೆ ಕಥೆಯ ಆ ಗಟ್ಟಿಗ ಗಂಡಸಿಗೆ ಒಳಗೊಳಗೇ ಒಂದು ಭಯ: ಜನ ತನ್ನನ್ನು ಮೆತ್ತನೆಯವನು ಎಂದಾರು ಎಂದು. ಮಗನಲ್ಲಿ ಗಂಡಸುತನ ಸಾಲದೆಂದು ಬಡಿಯುತ್ತಾನೆ. ಮಕ್ಕಳ ಮೇಲೆ ಜೀವವಿದ್ದರೂ ತೋರಿಸಿಕೊಳ್ಳುವುದಿಲ್ಲ. ಕೊನೆಗೆ ಮಗ ಮನೆ ಬಿಟ್ಟು ಹೋಗುವ ಭಾಗ ಬಂದಾಗ ಓದುವುದನ್ನು ನಿಲ್ಲಿಸಿದೆ. ಹೆದರಿ ಅಪ್ಪನ ಕಡೆ ನೋಡಿದೆ.

"ಯಾಕ ನಿಂದ್ರಿಸಿದಿ? ಓದು."

ಐದನೇ ದಿನ ಪುಸ್ತಕ ಮುಗಿಯಿತು. ಅಪ್ಪ ಜಂತಿ ನೋಡುತ್ತ, "ಅಂವಗ ಎಷ್ಟ್ ಅಂಜಿಕಿ ಇತ್ತು ನೋಡು," ಎಂದಷ್ಟೇ ಹೇಳಿದ.

ಪ್ಲಾಸ್ಟರ್ ಬಿಚ್ಚಿದ ವಾರಕ್ಕೆ, "ನಡಿ, ಬಾಗೇವಾಡಿಗೆ ಹೋಗೂಣು," ಎಂದ. ಅವ್ವ ಬೆಪ್ಪಾಗಿ ನಿಂತಳು. ಅಲ್ಲಿ ಜಗಳ ಆಗುತ್ತದೆಂದೇ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಂಜುತ್ತಿದ್ದೆ.

ಖಾನಾವಳಿಯಲ್ಲಿ ಮಧ್ಯಾಹ್ನದ ಊಟದ ಗದ್ದಲ. ಅಪ್ಪನನ್ನು ಕಂಡ ಅಣ್ಣ ಹಿಟ್ಟಿನ ಕೈಯಲ್ಲೇ ಎದ್ದು ನಿಂತ. ಅಪ್ಪ ಊರಿಕೊಂಡು ಬಂದ ಬಡಿಗೆಯನ್ನು ಗೋಡೆಗೆ ಆನಿಸಿ, "ಸರಿ ಅತ್ತಾಗ," ಎಂದು ಅವನ ಜಾಗದಲ್ಲಿ ಕಾಲು ಚಾಚಿ ಕೂತ. ಹಿಟ್ಟು ನಾದಿ, ರೊಟ್ಟಿ ಬಡಿಯತೊಡಗಿದ. ಆ ದೊಡ್ಡ ಅಂಗೈಗಳ ಅಡಿ ಅದು ಗುಂಡಗೆ, ತೆಳ್ಳಗೆ, ಅಂಚು ಸೀಳದೆ ಹರಡಿತು. ಅವ್ವನಿಗೂ ಅಷ್ಟು ಚೆಂದ ಬರುತ್ತಿರಲಿಲ್ಲ. ನಾನು, ಅಣ್ಣ ಇಬ್ಬರೂ ಬಾಯಿ ತೆರೆದು ನೋಡುತ್ತಿದ್ದೆವು.

"ನಮ್ಮವ್ವ ಹಾಸಗಿ ಹಿಡದಾಗ ನಾ ಹನ್ನೆರಡು ವರ್ಷದಾಂವ," ಎಂದ ಅಪ್ಪ ತಲೆ ಎತ್ತದೆ. "ಮನಿ ಮಂದಿಗೆಲ್ಲ ನಾನೇ ಬಡದು ಹಾಕ್ತಿದ್ದೆ. ಊರಾಗ ನಕ್ಕರು. ಆಮ್ಯಾಲ ಯಾರ ಮುಂದೂ ಹೇಳಲಿಲ್ಲ."

ಅಣ್ಣ ನೆಲಕ್ಕೆ ಕುಸಿದು ಕೂತು ಅಳತೊಡಗಿದ. ಅಪ್ಪ ಹಂಚಿನ ಮೇಲಿನ ರೊಟ್ಟಿ ತಿರುವುತ್ತ, "ಅಳಬ್ಯಾಡೋ ಮಲ್ಲ್ಯಾ. ಹೊರಗ ಮಂದಿ ಹಸದು ಕುಂತಾರ, ಒಯ್ದು ನೀಡು," ಎಂದ.

ಅಪ್ಪ ತೀರಿಕೊಂಡು ಬಹಳ ವರ್ಷಗಳಾದವು. ಅಷ್ಟು ಜನರ ನಡುವೆ, ಜೀವಮಾನವಿಡೀ ಮುಚ್ಚಿಟ್ಟದ್ದನ್ನು ಆತ ತಾನಾಗಿಯೇ ಬಿಚ್ಚಿಟ್ಟ ಆ ಗಳಿಗೆ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅಂಥ ಧೈರ್ಯ ನನಗಿದೆಯೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೌದು ಎನ್ನಲು ಇನ್ನೂ ಬಾಯಿ ಬಂದಿಲ್ಲ.