ತಣಿಕಾಚಲಂ ಬಿಚ್ಚದ ರೇಡಿಯೋ

ಮದರಾಸಿನ ರಿಚಿ ಸ್ಟ್ರೀಟಿನಲ್ಲಿ ತಣಿಕಾಚಲಂ ಬೈದ ಸಾಮಾನನ್ನು ಕೊಳ್ಳುವ ಗಂಡಸು ಇನ್ನೂ ಹುಟ್ಟಿರಲಿಲ್ಲ. ಟೀವಿ, ಆಂಪ್ಲಿಫೈಯರ್ ರಿಪೇರಿ ಮಾಡುತ್ತಲೇ ತಲೆ ನರೆತವನು ಅವನು. ಕೆಟ್ಟ ಸೆಟ್ಟಿನ ಮುಚ್ಚಳ ತೆಗೆದು ಮೂಸಿದರೆ ಸಾಕು, ಸುಟ್ಟದ್ದು ಯಾವುದೆಂದು ಹೇಳುತ್ತಿದ್ದ. ಸಂಜೆ ಟೀ ಅಂಗಡಿಯ ಮುಂದೆ ಗ್ಲಾಸು ಹಿಡಿದು ಅವನಾಡಿದ ಮಾತು ಬೆಳಗಾಗುವುದರೊಳಗೆ ಬೀದಿಯ ಮೆಕ್ಯಾನಿಕ್ಕುಗಳಿಗೆಲ್ಲ ಕಟ್ಟಳೆ. ಮನುಷ್ಯ ಒಳ್ಳೆಯವನೇ, ಹಟ ಮಾತ್ರ ಅಷ್ಟಿಷ್ಟಲ್ಲ.

ಅವನ ಕೆಂಗಣ್ಣು ಬಿದ್ದದ್ದು ಸೆಟ್ಟಿನೊಳಗೆ ಕರೆಂಟು ಹಿಡಿದಿಡುವ, ಒಂದು ಕಂಪನಿಯ ಹಸಿರು ಹೊದಿಕೆಯ ಕೆಪಾಸಿಟರಿನ ಮೇಲೆ. ಮೇಜಿಗೆ ಬಂದ ಕೆಟ್ಟ ಸೆಟ್ಟುಗಳಲ್ಲೆಲ್ಲ ಇದೇ ತಲೆ ಉಬ್ಬಿಸಿಕೊಂಡು ಸತ್ತಿರುತ್ತಿತ್ತು. ಸತ್ತವನ್ನೆಲ್ಲ ಕಿತ್ತು ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಟ್ಟು, ಬಂದವರಿಗೆಲ್ಲ ಅಲ್ಲಾಡಿಸಿ ತೋರಿಸುತ್ತಿದ್ದ.

ಗ್ರಹಚಾರಕ್ಕೆ ಅವನ ಅಕ್ಕನ ಮಗಳು ಅಮುದಾ ಅದೇ ಬೀದಿಯಲ್ಲಿ ಬಿಡಿಭಾಗಗಳ ಅಂಗಡಿ ತೆರೆದು, ಆ ಹಸಿರು ಕೆಪಾಸಿಟರಿನದೇ ಏಜೆನ್ಸಿ ಹಿಡಿದಳು. ಅಪ್ಪನಿಲ್ಲದ ಹುಡುಗಿ, ಅವನೇ ಎತ್ತಿ ಆಡಿಸಿದವಳು. ಈಗ ಮೆಕ್ಯಾನಿಕ್ಕುಗಳು ಅವಳ ಅಂಗಡಿಯ ಮುಂದೆ ಏನೂ ಕೊಳ್ಳದೆ ತಲೆ ತಗ್ಗಿಸಿಕೊಂಡು ಹಾದುಹೋಗುತ್ತಿದ್ದರು. ಕೊನೆಗೆ ಅವಳೇ ಮಾವನ ಮೇಜಿನ ಮುಂದೆ ಬಂದು ನಿಂತಳು.

"ಕಂಪನಿ ಲೆಕ್ಕದಲ್ಲಿ ಸಾವಿರಕ್ಕೆ ಮೂರು ವಾಪಸ್ ಬಂದಿವೆ ಮಾಮಾ. ಬೇರೆಯವರದು ಐದು ಬರುತ್ತೆ. ಊರಲ್ಲಿರೋ ಮುಕ್ಕಾಲು ಸೆಟ್ಟುಗಳಲ್ಲಿ ಹಸಿರೇ ಇದ್ದಾಗ, ಕೆಟ್ಟು ಬರೋದ್ರಲ್ಲೂ ಅದೇ ಜಾಸ್ತಿ ಇರುತ್ತೆ."

"ನಿನ್ನ ಸಾವಿರ ನಾನು ಕಂಡಿಲ್ಲ ತಾಯಿ. ಇದನ್ನ ಕಂಡಿದ್ದೀನಿ," ಎಂದು ಡಬ್ಬಿ ಅಲ್ಲಾಡಿಸಿದ.

"ಆಸ್ಪತ್ರೇಲಿ ಕೂತವರಿಗೆ ಊರೆಲ್ಲ ರೋಗಿಗಳೇ! ಕೆಡದ ಸೆಟ್ಟನ್ನ ಯಾವತ್ತಾದ್ರೂ ಬಿಚ್ಚಿದ್ದೀರಾ?"

"ಕೆಡದ್ದನ್ನ ಯಾವ ಹುಚ್ಚ ಬಿಚ್ತಾನೆ?"

ಅದು ಆ ಬೀದಿಯ ನಿಯಮ. ಹಾಡುತ್ತಿರುವ ಪೆಟ್ಟಿಗೆಗೆ ಸ್ಕ್ರೂಡ್ರೈವರ್ ತಾಕಿಸುವುದು ಅಪಶಕುನ.

"ಆಯ್ತು, ಶುಕ್ರವಾರ ಶಟರ್ ಎಳೆದುಬಿಡ್ತೀನಿ. ಟೀ ಅಂಗಡೀಲಿ ಅದನ್ನೂ ಹೇಳಿ." ಅಮುದಾ ಕಣ್ಣು ತುಂಬಿಕೊಂಡು ಹೊರಟುಹೋದಳು.

ಅಂದು ಅವನು ಮಸಾಲ ವಡೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದ. ಮನೆಗೆ ಹೋದರೆ, ಒಲೆಯ ಪಕ್ಕದ ಗೂಡಿನಲ್ಲಿ ಹೆಂಡತಿ ವಡಿವಿನ ರೇಡಿಯೋ ಎಂದಿನಂತೆ ಹಾಡುತ್ತಿತ್ತು. ಮದುವೆಯಾದ ವರ್ಷ ತಂದದ್ದು, ಒಮ್ಮೆಯೂ ಕೆಟ್ಟಿಲ್ಲ. ಸ್ವಲ್ಪ ಹೊತ್ತು ಅದನ್ನೇ ನೋಡಿದ. ಆಮೇಲೆ ಕೆಳಗಿಳಿಸಿಕೊಂಡ.

"ಅಯ್ಯೋ, ಹಾಡ್ತಿರೋದನ್ನ ಯಾಕ್ರೀ ಕೊಲ್ತೀರಾ?"

ಹಿಂಬದಿಯ ಮುಚ್ಚಳ ತೆಗೆದ. ಒಗ್ಗರಣೆಯ ಜಿಡ್ಡು ಮೆತ್ತಿಕೊಂಡ ಧೂಳಿನ ನಡುವೆ ಸಾಲಾಗಿ ನಿಂತಿದ್ದವು, ಅವೇ ಹಸಿರು ಕೆಪಾಸಿಟರುಗಳು. ಇಷ್ಟು ವರ್ಷ ಒಲೆಯ ಬಿಸಿ ತಿಂದೂ ಒಂದರ ತಲೆಯೂ ಉಬ್ಬಿರಲಿಲ್ಲ. ಅವನಿಗೆ ನಾಚಿಕೆಯಾಯಿತು.

ವಡಿವು ಬಗ್ಗಿ ನೋಡಿದಳು. "ಮನೇಲಿ ಇವನ್ನೇ ಸಾಕ್ಕೊಂಡು ಬೀದೀಲಿ ಆ ಮಗೂ ಹೊಟ್ಟೆ ಮೇಲೆ ಹೊಡೆದ್ರಲ್ಲ! ಹೋಗಿ, ಅವಳಿಗೆ ಹೇಳಿ. ಅದಕ್ಕೆ ಮುಂಚೆ ನನ್ನ ರೇಡಿಯೋ ಮುಚ್ಚಿ."

ಮರುದಿನ ಸಂಜೆ, ಮೆಕ್ಯಾನಿಕ್ಕುಗಳೆಲ್ಲ ಟೀಗೆ ಸೇರಿದ್ದಾಗ, ತಣಿಕಾಚಲಂ ರೇಡಿಯೋ ಕಂಕುಳಲ್ಲಿರಿಸಿಕೊಂಡು ಅಮುದಾಳ ಅಂಗಡಿಯ ಮುಂದೆ ನಿಂತ. ಬೀದಿಗೆಲ್ಲ ಕೇಳುವಂತೆ ಕೂಗಿದ: "ಅಮುದಾ, ಹಸಿರು ಕೊಡಮ್ಮಾ! ನನ್ನ ಅಂಗಡಿಗೆ ಇನ್ಮೇಲೆ ಇದೇ. ನಾನು ತಪ್ಪು ಹೇಳಿದ್ದೆ."

ಟೀ ಗ್ಲಾಸುಗಳು ಬಾಯಿಯ ಹತ್ತಿರ ಹೋಗಿ ಅಲ್ಲೇ ನಿಂತವು. ಅವನು ರೇಡಿಯೋ ಬಿಚ್ಚಿ ತೋರಿಸಿದ. ಅಮುದಾ ಒಳಗೆ ಇಣುಕಿದವಳು ನಕ್ಕುಬಿಟ್ಟಳು.

"ಸಾವಿರದ ಲೆಕ್ಕ ಹೇಳ್ದಾಗ ನಂಬಲಿಲ್ಲ, ಈ ಒಂದು ಡಬ್ಬ ನೋಡಿ ನಂಬಿದ್ರಾ? ಇದೂ ಅದೇ ತಪ್ಪಲ್ವಾ ಮಾಮಾ?"

"ಇರಬಹುದು ಕಣಮ್ಮ. ನಿನ್ನ ಸಾವಿರದ ಮುಖ ನಾನು ನೋಡಿಲ್ಲ. ಇದು ನಿಮ್ಮತ್ತೆ ಜೊತೆ ದಿನಾ ಹಾಡಿದೆ."

ಶುಕ್ರವಾರ ಬೆಳಿಗ್ಗೆ ಅವಳ ಅಂಗಡಿಯ ಶಟರ್ ಎತ್ತಿ, ಹೊಸಿಲಿಗೆ ನಿಂಬೆಹಣ್ಣು ಕೊಯ್ದಿಟ್ಟವನು ಅವನೇ.